ಓರೆ ಮೊಳೆ

ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಗಾರ್ಡು
ಹನೋಕ್ ನವಗಾಂವ್‌ಕರ್ ಅಂಗಡಿಗೆ ಬಂದು,
ಆಚಾರ್ರೇ, ದೇವರಿಗೊಂದು ಕಪಾಟು, ಅಂದ.
ಎಷ್ಟೆತ್ತರದ ದೇವರು ಸ್ವಾಮಿ?
ಮೂರ್ತಿ ನೋಡದೆ ಆಯ ಹಾಕುವುದು ಹೇಗೆ?
ಅವನು ಗಾಳಿಯಲ್ಲೇ ಕೈಯಳತೆ ತೋರಿಸಿದ:
ಸುರುಳಿ ಸುತ್ತಿದ ತೊಗಲು, ಒಂದೂವರೆ ಮೊಳ.
ಅದರ ತುಂಬ ಅಕ್ಷರ. ಅಷ್ಟೇ.
ಮತ್ತೆ ದೇವರು?
ಅವನ ಉದ್ದಗಲ ನಿಮ್ಮ ಗಜಕ್ಕೂ ಸಿಕ್ಕಲ್ಲ, ನಮ್ಮ ರೈಲ್ವೆಗೂ.

ಹಲಸಿನ ಹಲಗೆ ಕೊಯ್ದೆ.
ಸುಮ್ಮನಿರದ ಕೈ ಬಾಗಿಲ ನೆತ್ತಿಯಲ್ಲಿ
ಕೋರೆಹಲ್ಲಿನ ಕೀರ್ತಿಮುಖ ಬಿಡಿಸಿಬಿಟ್ಟಿತ್ತು.
ಮುಖ ಬೇಡ, ದಾಳಿಂಬೆ ಇರಲಿ, ಅಂದ.
ಅಪ್ಪ ಕಲಿಸಿದ ಮುಖವನ್ನು ನಾನೇ ಹತ್ತರಿ ಹೊಡೆದೆ.
ಸಿಪ್ಪೆ ಸುರುಳಿ ಸುರುಳಿಯಾಗಿ ಬಿತ್ತು.

ಕಪಾಟು ಪಡುವಣ ಗೋಡೆಗೆ.
ಅತ್ತ ಕಡಲಾಚೆ ಅವರ ಗುಡಿಯೊಂದಿತ್ತಂತೆ;
ಬಿತ್ತಂತೆ, ಕಟ್ಟಿದರಂತೆ, ಮತ್ತೆ ಬಿತ್ತಂತೆ.
ಬಿದ್ದದ್ದರ ಕಡೆಗೇ ಮುಖ ಮಾಡಿ ನಿಲ್ಲುತ್ತಾರೆ.
ನಮ್ಮಲ್ಲಿ ಮೂಗು ಮುಕ್ಕಾದ ವಿಗ್ರಹಕ್ಕೆ ಪೂಜೆಯಿಲ್ಲ.
ಊರ ಶಿವಾಲಯದ ಹಿಂದೆ
ಅಂಥವು ಎಷ್ಟು ಒರಗಿವೆಯೋ ನೆನೆದುಕೊಂಡೆ.

ಮುಂದೆ ಗಾಜಿನ ಲೋಟ, ನಮ್ಮ ಸಂತೆಯದೇ ಕೊಬ್ಬರಿ ಎಣ್ಣೆ.
ಆರಬಾರದ ದೀಪ.
ನಂದಾದೀಪ ಅಂದೆ. ಹೆಸರು ಹಿಡಿಸಿತು ಅವನಿಗೆ.
ಅವರ ಹಿರಿಯರು ಕೊಂಕಣದ ಕಡಲಂಚಿನ ಗಾಣಿಗರು,
ಶನಿವಾರವೊಂದು ದಿನ ಎತ್ತು ಕಟ್ಟುತ್ತಿರಲಿಲ್ಲವಂತೆ.

ಆಮೇಲೆ ಬಾಗಿಲ ನಿಲುವಿಗೆ ಒಂದು ಪುಟ್ಟ ಡಬ್ಬಿ.
ತೂಕದ ಗುಂಡು ಬಿಟ್ಟು ನೆಟ್ಟಗೆ ಹಿಡಿದೆ. ಅಲ್ಲ, ಓರೆ, ಅಂದ.
ಮೂವತ್ತು ವರ್ಷದ ಕಸುಬು ಬೆವತಿತು.
ನೆಟ್ಟಗಿರಬೇಕೆಂದ ಒಬ್ಬ ಗುರು,
ಮಲಗಿರಬೇಕೆಂದ ಇನ್ನೊಬ್ಬ.
ಇಬ್ಬರೂ ಸೋಲುವುದು ಬೇಡವೆಂದು ಹಿಂದಿನವರು ವಾಲಿಸಿದರಂತೆ.
ಹೊಡೆದೆ ಎರಡು ಮೊಳೆ.

ಹತ್ತು ಗಂಡಸರು ಕೂಡಿದರೆ ಕೋಣೆಯೇ ಗುಡಿ.
ಒಂಬತ್ತಾದರೆ ಕೋಣೆ, ಕೋಣೆಯೇ.
ಬಾಗಿಲು ಮುಚ್ಚುವ ಹಬ್ಬ ಬಂತು, ಬಿಳಿಬಟ್ಟೆಯ ಉಪವಾಸ.
ಹಿಂದಿನ ಸಂಜೆ ಗುಂತಕಲ್ಲಿಂದ, ಪೂನಾದಿಂದ ಬಂದವರನ್ನು
ಹನೋಕ್ ಎಣಿಸಿದ್ದು ಅಂಕಿಯಲ್ಲಲ್ಲ,
ಹತ್ತು ಪದದ ಒಂದು ವಾಕ್ಯದಲ್ಲಿ, ತಲೆಗೊಂದು ಪದ.
ನನಗೆ ಆಶ್ಚರ್ಯವೇನಿಲ್ಲ;
ನಾವೂ ರಾಗಿ ಅಳೆಯುವಾಗ ಒಂದು ಅನ್ನದೆ ಲಾಭ ಅನ್ನುವವರು.
ಕೊನೆಯ ಪದಕ್ಕೆ ಮಾತ್ರ ತಲೆ ಸಿಗಲಿಲ್ಲ.
ಎಜ್ರಾ ದಿವೇಕರ್, ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ ಬರಬೇಕಾದವನು.
ಗಾಡಿ ಲೇಟು. ಹೊತ್ತು ಮುಳುಗುತ್ತಿತ್ತು.
ನನ್ನನ್ನೇ ಸೇರಿಸಿಕೊಳ್ಳಿ, ಅಂದೆ, ಹೊಸ್ತಿಲಾಚೆಯಿಂದ.
ಪರದೆಯ ಹಿಂದಿನಿಂದ ಸಿಗುಲ್ಲಾಬಾಯಿ ನಕ್ಕರು:
ಆಚಾರ್ರೇ, ನಾನು ಸೇರದ ಲೆಕ್ಕ ಅದು.

ಕಪಾಟು ತೆರೆಯಲಿಲ್ಲ, ಆ ರಾತ್ರಿಯೂ, ಮರುಹಗಲೂ.
ಮೂಲೆಯಲ್ಲಿ ಮುದುಕ ಕಿಹೀಮ್‌ಕರ್;
ಸತ್ತ ಹೆಂಡತಿಗಾಗಿ ಹೇಳಬೇಕಾದ ನಾಲ್ಕು ಮಾತು
ಹತ್ತು ಜನರಿಲ್ಲದೆ ಹೇಳುವಂತಿಲ್ಲ.
ಬಾಯಲ್ಲೇ ಇಟ್ಟುಕೊಂಡು ಕೂತಿದ್ದ, ಉಗುಳು ನುಂಗದೆ.

ಗುರುವಾರ ಕೋಳಿ ಕೂಗುವ ಹೊತ್ತಿಗೆ ಎಜ್ರಾ ಬಂದ, ತುಟಿ ಒಡೆದಿತ್ತು.
ಸೂರ್ಯ ಇಳಿದಾಗ ಗಾಡಿ ಬಾಣಾವರದಲ್ಲಿತ್ತಂತೆ.
ಒಂದೇ ಸ್ಟೇಷನ್ನು ಬಾಕಿ.
ಇಳಿದುಬಿಟ್ಟ. ಆ ದಿನ ಪಯಣವಿಲ್ಲ ಅವರಿಗೆ.
ಇರುಳೂ ಹಗಲೂ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ,
ಪಡುವಣಕ್ಕೆ ಮುಖ ಮಾಡಿ,
ಪೋರ್ಟರು ಕೊಟ್ಟ ನೀರನ್ನೂ ಮುಟ್ಟದೆ.
ಯಾರೂ ಬಯ್ಯಲಿಲ್ಲ. ಹನೋಕ್ ಅವನ ಬೂಟು ಬಿಚ್ಚಿದ.

ಆಗ ತೆರೆದರು.
ನನ್ನ ತಿರುಗಣಿ ಕಿರ್ ಅನ್ನಲಿಲ್ಲ, ದೇವರ ದಯೆ.
ಸುರುಳಿಯ ಮೇಲೆ ಬೆರಳಿಡದೆ ಬೆಳ್ಳಿಕಡ್ಡಿಯಲ್ಲಿ ಓದಿದರು.
ಮುದುಕ ಎದ್ದು ನಿಂತು ತನ್ನ ಮಾತು ಹೇಳಿದ.
ಅದರಲ್ಲಿ ಸಾವಿನ ಹೆಸರೇ ಇಲ್ಲವಂತೆ, ಬರೀ ಹೊಗಳಿಕೆ.
ಆಮೆನ್ ಎಂದರು ಒಂಬತ್ತು ಜನ.
ಪರದೆಯೂ ಅಂದಿತು.

ಸೊಲ್ಲಾಪುರಕ್ಕೆ ವರ್ಗವಾಯಿತು ಅವನಿಗೆ.
ಕಪಾಟು ಬ್ರೇಕ್‌ವ್ಯಾನಿನಲ್ಲಿ, ಗೋಣಿ ಸುತ್ತಿಕೊಂಡು ಹೋಯಿತು.
ಕ್ವಾರ್ಟರ್ಸಿಗೆ ಬಂದ ಹೊಸ ಗಾರ್ಡು ಕರೆಸಿದ:
ಇದ್ಯಾರ್ರೀ ಹೊಡೆದದ್ದು? ಎರಡು ತೂತು, ಅದೂ ಸೊಟ್ಟಗೆ.
ಅರಗು ತುಂಬಿಬಿಡಿ.
ಮುಟ್ಟಿ ನೋಡಿದೆ. ಕಿರುಬೆರಳ ತುದಿ ಸರಿಯಾಗಿ ಕೂತಿತು.
ಮರ ತಾನೇ ಮುಚ್ಚಿಕೊಳ್ಳುತ್ತೆ ಸ್ವಾಮಿ, ಎಂದು ಸುಳ್ಳು ಹೇಳಿ
ಕೂಲಿ ಕೇಳದೆ ಬಂದೆ.